ಎಮಿಲ್ ಕಾಯ್ದಿಟ್ಟ ಹಲ್ಲು

ನನ್ನ ಭಾವ ಎಮಿಲ್ ಹುಡಾಕ್‌ನ ಬಾಯಿಯನ್ನು ನೋಡಿ ಸಂತೋಷಪಟ್ಟವರು ಈ ಲೋಕದಲ್ಲಿ ಒಬ್ಬರೇ. ಅವನ ಹೆಂಡತಿಯಂತೂ ಅಲ್ಲ. ಅವಳು ನನ್ನ ಅಕ್ಕ ಪೌಲಿನ್. ಮದುವೆಯ ಫೋಟೋ ತೆಗೆಸುವಾಗಲೇ ತುಟಿ ಮುಚ್ಚಿಕೊಂಡು ನಗು ಎಂದು ಅವನಿಗೆ ತಾಕೀತು ಮಾಡಿದವಳು. ಸಂತೋಷಪಟ್ಟವಳು ಡೆಸ್ಪಿನಾ ವ್ಲಾಹೊಸ್ ಎಂಬ ಹುಡುಗಿ. ಒಹಾಯೋದಲ್ಲಿ ಸಣ್ಣ ಹೋಟೆಲು ನಡೆಸುವ ಗ್ರೀಕರ ಮಗಳು, ಹಲ್ಲಿನ ಡಾಕ್ಟರ್ ಆಗಲು ಕೊನೆಯ ವರ್ಷ ಓದುತ್ತಿದ್ದಳು.

ನಾನು ಒಲ್ಗಾ. ಪಿಟ್ಸ್‌ಬರ್ಗಿನಲ್ಲಿ ದಂತ ಕಾಲೇಜಿನ ಕ್ಲಿನಿಕ್ಕಿನ ಮುಂಬಾಗಿಲ ಮೇಜಿನಲ್ಲಿ ಕೂತು ಜನರಿಗೆ ಸಮಯ ಕೊಡುವುದು, ಕಾಯಿಸುವುದು, ಕಾದವರ ಬೈಗುಳ ತಿನ್ನುವುದು ನನ್ನ ಕೆಲಸವಾಗಿತ್ತು. ವರ್ಷಗಟ್ಟಲೆ ಆ ಮೇಜಿನಲ್ಲಿ ಕೂತರೂ ಒಳಗಿನ ಕುರ್ಚಿಯಲ್ಲಿ ಮಾತ್ರ ಕೂತವಳಲ್ಲ. ಚಿಕ್ಕವಳಿದ್ದಾಗ ನಮ್ಮೂರಿನ ಹಲ್ಲು ಕೀಳುವವನೊಬ್ಬ ನನ್ನ ಎದೆಯ ಮೇಲೆ ಮೊಣಕಾಲೂರಿ ಹಲ್ಲು ಕಿತ್ತಿದ್ದ. ಅಂದಿನಿಂದ ಹಲ್ಲಿನ ಡಾಕ್ಟರರ ಬಗ್ಗೆ ನನಗೆ ಇರುವುದು ದೂರದ ಗೌರವ.

ಕೊನೆಯ ವರ್ಷದ ಮಕ್ಕಳ ಪಾಡು ನಾಯಿಪಾಡು. ಆಗೆಲ್ಲ ಲೈಸೆನ್ಸಿನ ಪರೀಕ್ಷೆಗೆ ಪುಸ್ತಕ ಓದಿದರಷ್ಟೇ ಸಾಲದು. ಒಬ್ಬ ಜೀವಂತ ಮನುಷ್ಯನನ್ನು ತಾವೇ ಹುಡುಕಿ ಕರೆತಂದು, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಅವನ ಹಲ್ಲಿನ ಹುಳುಕನ್ನು ಕೊರೆದು ಬೆಳ್ಳಿ ತುಂಬಿಸಿ ತೋರಿಸಬೇಕು. ಹುಳುಕು ತೀರಾ ಸಣ್ಣದಿದ್ದರೆ ಪರೀಕ್ಷಕರು ಒಪ್ಪರು. ಆಳಕ್ಕೆ ಇಳಿದು ನರದ ಹತ್ತಿರ ಹೋಗಿದ್ದರೂ ಒಪ್ಪರು. ಮೇಲಿನ ಗಟ್ಟಿ ಪದರ ದಾಟಿ, ಒಳಪದರಕ್ಕೆ ಹೊಸ್ತಿಲಲ್ಲಿ ಕಾಲಿಟ್ಟಂತಿರಬೇಕು. ಅಂಥ ಹುಳುಕಿಗಾಗಿ ಈ ಮಕ್ಕಳು ಬಸ್‌ಸ್ಟಾಪಿನಲ್ಲಿ, ಚರ್ಚಿನಲ್ಲಿ, ಸಾವಿನ ಮನೆಯಲ್ಲಿ ಕೂಡ ಆಕಳಿಸುವವರ ಬಾಯಿಗೆ ಇಣುಕುತ್ತಿದ್ದರು. ಹೆಣ್ಣು ಹುಡುಕುವವರು ಇವರಿಗಿಂತ ವಾಸಿ, ಅವರು ಬಾಗಿಲು ತಟ್ಟಿ ಒಳಗೆ ಬರುತ್ತಾರೆ.

ಎಮಿಲ್ ಅಲ್ಲಿಗೆ ಬಂದದ್ದು ನನ್ನ ಕಾಟಕ್ಕೆ. ಅವನು ಉಕ್ಕಿನ ಕಾರ್ಖಾನೆಯ ಕುಲುಮೆಯ ಆಳು. ಮೀಸೆ ಚಿಗುರುವ ವಯಸ್ಸಿನಲ್ಲಿ ಒಳಗೆ ಹೋದವನು, ಮೀಸೆ ಬೆಳ್ಳಗಾದ ಮೇಲೆ ಹೊರಗೆ ಬಂದ. ಅವನಾಗಿ ಬರಲಿಲ್ಲ, ಕಾರ್ಖಾನೆಯೇ ಮುಚ್ಚಿತು. ನದಿಯ ದಂಡೆಯ ನಮ್ಮ ಊರಿನಲ್ಲಿ ಆ ವರ್ಷ ಮನೆಗೊಬ್ಬ ಗಂಡಸು ಕೈಕಟ್ಟಿ ಕೂತಿದ್ದ. ಕೆಲವರು ಕುಡಿದರು, ಕೆಲವರು ಟೆಕ್ಸಾಸಿಗೆ ಹೋದರು. ಎಮಿಲ್ ಎರಡೂ ಮಾಡಲಿಲ್ಲ. ಮೊದಲ ಪಾಳಿಯ ಹೊತ್ತಿಗೆ ಎದ್ದು, ಬೂಟು ಹಾಕಿ, ಕಾಫಿ ಮಾಡಿಕೊಂಡು, ಹೊಗೆ ಬಾರದ ಚಿಮಣಿಗಳನ್ನು ಕಿಟಕಿಯಿಂದ ನೋಡುತ್ತ ಕೂರುತ್ತಿದ್ದ. ಏನು ಕೇಳಿದರೂ "ಪರವಾಗಿಲ್ಲ" ಎನ್ನುತ್ತಿದ್ದ. ಒಮ್ಮೆ ಕುಲುಮೆಯ ಬಾಯಲ್ಲಿ ತೋಳು ಸುಟ್ಟುಕೊಂಡು ಬಂದಾಗಲೂ ಅಷ್ಟೇ ಹೇಳಿದ್ದ.

ಪೌಲಿನ್ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಆಯಾ ಕೆಲಸಕ್ಕೆ ಸೇರಿದಳು. ಅವಳು ಮನೆಗೆ ಬಂದು ಮಲಗುವ ಹೊತ್ತಿಗೆ ಅವನು ಎದ್ದಿರುತ್ತಿದ್ದ. ಅವನು ಮಲಗುವ ಹೊತ್ತಿಗೆ ಅವಳು ಹೊರಟಿರುತ್ತಿದ್ದಳು. ಅವನು ಪಾತ್ರೆ ತೊಳೆದಿಟ್ಟರೆ ಅವಳು ಎದ್ದು ಮತ್ತೆ ತೊಳೆಯುತ್ತಿದ್ದಳು. ಆ ಮನೆಯಲ್ಲಿ ಜಗಳವೂ ಇರಲಿಲ್ಲ, ಜಗಳವಾಡಲು ಇಬ್ಬರು ಎಚ್ಚರವಿರಬೇಕಲ್ಲ. ನೋಡಲಾಗದೆ ನಾನೇ ಒಂದು ದಿನ ಅವನನ್ನು ಹೊರಡಿಸಿದೆ.

"ಬಾ ಭಾವ, ಹಲ್ಲು ಕ್ಲೀನ್ ಮಾಡಿಸ್ಕೋ. ಓದೋ ಮಕ್ಕಳಿಗೆ ಒಂದು ಬಾಯಿ ಸಿಗುತ್ತೆ, ನಿಂಗೆ ಹೊರಗಿನ ಗಾಳಿ ಸಿಗುತ್ತೆ."

"ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರಲ್ಲ, ಈಗ ಕಡಲೆಯೇ ಇಲ್ವಲ್ಲ ಒಲ್ಗಾ, ಹಲ್ಲು ಕಟ್ಕೊಂಡು ಏನ್ ಮಾಡ್ಲಿ?"

"ಪೌಲಿನ್ ಮಾಡೋ ಅಡಿಗೆ ಕಡಲೆಗಿಂತ ಗಟ್ಟಿ. ನಡಿ ನಡಿ."

ಅವನ ಪಾಲಿಗೆ ಬಂದವಳು ಡೆಸ್ಪಿನಾ. ಎಕ್ಸ್‌ರೇ ದೀಪದ ಮುಂದೆ ಹಿಡಿದ ಹುಡುಗಿ ಕಿರುಚಿದ್ದು ನನ್ನ ಮೇಜಿನವರೆಗೂ ಕೇಳಿಸಿತು. ಯಾರಿಗೋ ಸೂಜಿ ಚುಚ್ಚಿತೆಂದು ನಾನು ಓಡಿಹೋದೆ. ನೋಡಿದರೆ ಅವಳು ಎಮಿಲ್‌ನ ಕೈ ಹಿಡಿದು ಕುಲುಕುತ್ತಿದ್ದಾಳೆ.

"ಹುಡಾಕ್ ಅವ್ರೇ, ನಿಮ್ಮ ಹಲ್ಲು ಎಷ್ಟು ಚೆನ್ನಾಗಿ ಹುಳುಕಾಗಿದೆ ಗೊತ್ತಾ! ಕೆಳಗಡೆ ದವಡೆ ಹಲ್ಲು, ಪಕ್ಕದ ಹಲ್ಲಿಗೆ ತಾಗೋ ಕಡೆ. ಅಳತೆ ಕೊಟ್ಟು ಮಾಡ್ಸಿದ ಹಾಗಿದೆ!"

"ಹೌದಾ?" ಎಂದ ಎಮಿಲ್. ತನ್ನಲ್ಲಿ ಇಷ್ಟು ಒಳ್ಳೆಯದೊಂದು ಇದೆಯೆಂದು ಅವನಿಗೆ ಯಾರೂ ಬಹಳ ಕಾಲದಿಂದ ಹೇಳಿರಲಿಲ್ಲ.

ಅವಳು ಸ್ಟೂಲು ಎಳೆದುಕೊಂಡು ಕೂತು ವಿಷಯ ಬಿಡಿಸಿ ಹೇಳಿದಳು. ಪರೀಕ್ಷೆ ಬರುವುದು ಬೇಸಿಗೆಗೆ ಮುಂಚೆ. ಅಲ್ಲಿಯವರೆಗೆ ಆ ಹಲ್ಲನ್ನು ಬೇರೆ ಯಾರ ಕೈಗೂ ಕೊಡಬಾರದು. ಆಗಾಗ ಬಂದು ತೋರಿಸಬೇಕು, ಮಿಕ್ಕ ಹಲ್ಲುಗಳನ್ನೆಲ್ಲ ಅವಳು ಸರಿಮಾಡಿಕೊಡುತ್ತಾಳೆ. ನೋವೇನಾದರೂ ಶುರುವಾದರೆ ಮಾತ್ರ ಆ ಕ್ಷಣವೇ ಹೇಳಬೇಕು. "ನೀವಿಲ್ದೆ ನನ್ ಪರೀಕ್ಷೆ ಆಗಲ್ಲ" ಎಂದಳು.

ಹೊರಗೆ ಬಂದ ಎಮಿಲ್ ನನ್ನ ಮೇಜಿಗೆ ಎರಡೂ ಕೈ ಊರಿ ನಿಂತ. "ಒಲ್ಗಾ, ಮುಂದಿನ್ಸಲ ಎಷ್ಟೊತ್ತಿಗೆ ಬರ್ಬೇಕು? ಸರಿಯಾಗಿ ಹೇಳು. ಆ ಹುಡುಗಿಗೆ ನಾನು ಬೇಕು." ಮೂವತ್ತು ವರ್ಷ ನೋಡಿದ ಭಾವ, ಅವತ್ತು ಅವನ ಬೆನ್ನು ನೆಟ್ಟಗಿತ್ತು. ನನಗೆ ಏನನ್ನಿಸಿತೋ, ಪಕ್ಕದಲ್ಲಿ ನಿಂತಿದ್ದವನನ್ನು ಸುಮ್ಮನೆ ಗದರಿದೆ.

ಅಲ್ಲಿಂದ ಮುಂದೆ ಅವನು ಕ್ಲಿನಿಕ್ಕಿಗೆ ಬರುತ್ತಿದ್ದ ಗತ್ತು ನೋಡಬೇಕಿತ್ತು. ಕ್ಷೌರ ಮಾಡಿ, ಬುತ್ತಿ ಡಬ್ಬಿ ಹಿಡಿದು, ಹೇಳಿದ ಹೊತ್ತಿಗಿಂತ ಮುಂಚೆ ಹಾಜರು. ಕಾಯುವ ಸಾಲಿನಲ್ಲಿ ಹೊಸಬರು ಯಾರಾದರೂ ಕಂಡರೆ "ನಾನು ಪರೀಕ್ಷೆಯ ರೋಗಿ" ಎನ್ನುತ್ತಿದ್ದ, ಮಂತ್ರಿ ಎಂದ ಹಾಗೆ. ಡೆಸ್ಪಿನಾಳನ್ನು ಅವಳು ಡಾಕ್ಟರ್ ಆಗುವ ಮುಂಚೆಯೇ "ಡಾಕ್ಟ್ರಮ್ಮ" ಎಂದು ಕರೆಯಲು ಶುರುಮಾಡಿದ. ಅವಳು ಅವನ ವಸಡು ತೊಳೆದಳು, ಪಾಚಿ ಕೆರೆದಳು, ಬ್ರಶ್ ಹಿಡಿಯುವುದನ್ನು ಹಸುಗೂಸಿಗೆ ಹೇಳಿಕೊಡುವಂತೆ ಹೇಳಿಕೊಟ್ಟಳು. ಚಳಿಗಾಲ ಮುಗಿಯುವ ಹೊತ್ತಿಗೆ ನನ್ನ ಭಾವ ತುಟಿ ತೆರೆದು ನಗುವವನಾದ.

ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಊರಿಗೆಲ್ಲ ಮೀನು ಹುರಿಯುತ್ತೇವೆ, ಪಿರೋಹಿ ಎಂಬ ಕಡುಬು ಬೇಯಿಸುತ್ತೇವೆ. ಹೆಂಗಸರು ಹಿಟ್ಟಿನ ಹಾಳೆಯೊಳಗೆ ಆಲೂಗಡ್ಡೆ ಚೀಸು ಇಟ್ಟು ಅಂಚು ಒತ್ತಬೇಕು, ಕೆಲಸ ಕಳೆದುಕೊಂಡ ಗಂಡಸರು ಆಲೂಗಡ್ಡೆ ಸುಲಿಯಬೇಕು. ಒಂದು ಶುಕ್ರವಾರ ಎಮಿಲ್ ಡೆಸ್ಪಿನಾಳನ್ನು ಕರೆತಂದ. ಓದಿನ ಭರದಲ್ಲಿ ಹುಡುಗಿ ಬರೀ ಬ್ರೆಡ್ಡು ತಿಂದು ಬದುಕುತ್ತಿದ್ದಾಳೆಂದು ಅವನಿಗೆ ಸಂಕಟ.

"ನಮ್ ಗ್ರೀಕ್ ಚರ್ಚಲ್ಲಿ ಉಪವಾಸಕ್ಕೆ ಚೀಸೂ ಇಲ್ಲ" ಎಂದಳು ಅವಳು, ತಟ್ಟೆಯನ್ನು ಆಸೆಯಿಂದ ನೋಡುತ್ತ.

"ಪರೀಕ್ಷೆ ಇರೋರಿಗೆ ದೇವ್ರು ರಿಯಾಯ್ತಿ ಕೊಡ್ತಾನೆ, ತಿನ್ನು" ಎಂದೆ. ತಿಂದಳು. ಎರಡನೇ ತಟ್ಟೆಯನ್ನೂ ತಿಂದಳು. ಆಮೇಲಿನ ಶುಕ್ರವಾರಗಳಲ್ಲಿ ಪುಸ್ತಕದ ಚೀಲದೊಡನೆ ತಾನೇ ಬರತೊಡಗಿದಳು.

ಅವಳ ಹತ್ತಿರ ಓದಿಗೆಂದು ಕಾರ್ಡುಗಳ ಕಟ್ಟಿತ್ತು: ಮುಂದೆ ಪ್ರಶ್ನೆ, ಹಿಂದೆ ಉತ್ತರ. ಎಮಿಲ್ ಆಲೂಗಡ್ಡೆಯ ಕೈ ಒರೆಸಿಕೊಂಡು, ಕನ್ನಡಕ ಮೂಗಿಗೇರಿಸಿ, ಒಂದೊಂದೇ ಕೇಳುತ್ತಿದ್ದ.

"ಹಲ್ಲು ಕಿತ್ತು ಮೂರನೇ ದಿನ ರೋಗಿ ವಾಪಸ್ ಬಂದಿದ್ದಾನೆ. ಕಿವಿವರೆಗೂ ನೋವು, ಬಾಯಿ ವಾಸನೆ, ಜ್ವರ ಇಲ್ಲ. ಏನಮ್ಮ ಇದು?"

"ಗುಳೀಲಿ ರಕ್ತ ಹೆಪ್ಪುಗಟ್ಟಿ ನಿಂತಿಲ್ಲ, ಒಳಗಿನ ಮೂಳೆ ತೆರ್ಕೊಂಡಿದೆ. ತೊಳ್ದು ಔಷಧಿ ಬತ್ತಿ ಇಡ್ಬೇಕು. ಆಂಟಿಬಯೋಟಿಕ್ ಬೇಕಾಗಿಲ್ಲ."

ಹಿಟ್ಟು ನಾದುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿದಳು. "ನಮ್ಮೆಜಮಾನ್ರಿಗೂ ಹಾಗೇ ಆಗಿತ್ತು ಕಣಮ್ಮ. ವಿಸ್ಕಿ ಮುಕ್ಕಳಿಸಿದ್ರು."

"ಮುಕ್ಕಳಿಸಿ ಉಗುಳಿದ್ರಾ?"

"ಉಗುಳೋದಾ! ಹಲ್ಲು ವಾಸಿಯಾಗಿ ವರ್ಷ ಆಯ್ತು, ಇನ್ನೂ ಮುಕ್ಕಳಿಸ್ತಾನೇ ಇದಾರೆ."

ನಗು ಇಳಿದ ಮೇಲೆ ಎಮಿಲ್ ಮುಂದಿನ ಕಾರ್ಡು ಎತ್ತಿದ. ಕುರ್ಚಿಯಲ್ಲಿ ಕೂತವನು ಬಿಳಿಚಿಕೊಂಡು ಬೆವರಿ ಮೂರ್ಛೆ ಹೋದರೆ? ಚಪ್ಪಟೆ ಮಲಗಿಸಿ ಕಾಲು ಎತ್ತರಕ್ಕೆ ಇಡಬೇಕು. ತುಂಬು ಬಸುರಿಯಾಗಿದ್ದರೆ? ಎಡಮಗ್ಗುಲಿಗೆ ಹೊರಳಿಸಬೇಕು, ಇಲ್ಲದಿದ್ದರೆ ಹೊಟ್ಟೆಯ ಭಾರ ರಕ್ತನಾಳವನ್ನು ಒತ್ತುತ್ತದೆ. ನಾಲಿಗೆಯ ಪಕ್ಕದ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ? ಕಾಯುತ್ತ ಕೂರಬಾರದು, ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಇದನ್ನು ಕೇಳಿ ನಾಲ್ಕಾರು ಹೆಂಗಸರು ಬೆರಳಿನ ಹಿಟ್ಟು ಒರೆಸಿಕೊಂಡು ಅಕ್ಕಪಕ್ಕದವರಿಗೆ ನಾಲಿಗೆ ಚಾಚಿ ತೋರಿಸಿದರು. ಪಾದ್ರಿಗಳು ಅದೇ ಹೊತ್ತಿಗೆ ಮೆಟ್ಟಿಲಿಳಿದು ಬರಬೇಕೇ!

ಒಂದು ಕಾರ್ಡು ಮಾತ್ರ ಡೆಸ್ಪಿನಾಳಿಗೆ ಪ್ರತಿ ಸಲ ಕೈಕೊಡುತ್ತಿತ್ತು. ಹಲ್ಲಿನ ನರ ಉಳಿಯುತ್ತದೋ ಸಾಯುತ್ತದೋ ತಿಳಿಯುವುದು ಹೇಗೆ ಎಂಬುದು. ಗಾಬರಿಯಲ್ಲಿ ಅವಳು ತಿರುಗಾಮುರುಗಾ ಹೇಳುತ್ತಿದ್ದಳು, ಎಮಿಲ್ ಮೇಷ್ಟರಂತೆ ಹಿಂಬದಿಯನ್ನು ಓದುತ್ತಿದ್ದ: "ತಣ್ಣನೆಯದನ್ನು ತೆಗೆದ ಕೂಡಲೇ ನೋವು ನಿಂತುಹೋಗುತ್ತದೆ: ನರ ಚೇತರಿಸಿಕೊಳ್ಳಬಲ್ಲದು, ಹುಳುಕು ತೆಗೆದು ತುಂಬಿಸಬಹುದು. ತೆಗೆದ ಮೇಲೂ ನೋವು ಉಳಿದು ಮಿಡಿಯುತ್ತದೆ: ನರ ಉಳಿಯುವುದಿಲ್ಲ." ಓದಿ ಓದಿ ಅವನಿಗೇ ಬಾಯಿಪಾಠವಾಯಿತು. ಆಲೂಗಡ್ಡೆ ಸುಲಿಯುತ್ತ ಅದನ್ನೇ ಗುನುಗುತ್ತಿದ್ದ.

ಈಸ್ಟರ್ ಕಳೆಯಿತು. ಎಮಿಲ್ ಕಾಫಿಯನ್ನು ಆರಿಸಿ ಕುಡಿಯುವುದನ್ನು, ಒಂದೇ ಕಡೆ ಅಗಿಯುವುದನ್ನು ನಾನು ಕಂಡೆ. ವಯಸ್ಸಾಯಿತು ಎಂದುಕೊಂಡೆ. ಅವನ ಜೇಬಿನಲ್ಲಿ ಯಾವಾಗಲೂ ಪೆಪ್ಪರ್‌ಮಿಂಟ್ ಇರುತ್ತಿತ್ತು. ಪರೀಕ್ಷೆಯ ರೋಗಿಗೆ ಬಾಯಿ ಘಮಘಮ ಇರಬೇಕೆಂಬ ಶೋಕಿ ಎಂದು ಗೇಲಿ ಮಾಡಿದೆ.

ಪರೀಕ್ಷೆಯ ದಿನ ಕ್ಲಿನಿಕ್ಕು ಸಾವಿನ ಮನೆಯಷ್ಟು ಸದ್ದಿಲ್ಲದೆ ಇತ್ತು. ಪರೀಕ್ಷಕರು ಪರದೆಯ ಹಿಂದೆ ಕೂತಿದ್ದರು. ರೋಗಿ ಮೊದಲು ಅವರ ಮುಂದೆ ಹೋಗಿ ಬಾಯಿ ತೆರೆಯಬೇಕು. ಎಕ್ಸ್‌ರೇ ಮತ್ತು ಹುಳುಕು ಅವರಿಗೆ ಒಪ್ಪಿಗೆಯಾದರೆ ಕೊರೆಯುವುದು. ಪೌಲಿನ್ ರಾತ್ರಿಪಾಳಿ ಮುಗಿಸಿ ನೇರ ಅಲ್ಲಿಗೇ ಬಂದು, ಅವನ ಅಂಗಿಯ ಕಾಲರು ಸರಿಮಾಡಿ, ಬೆಂಚಿನ ಮೇಲೆ ಕೂತಲ್ಲೇ ನಿದ್ದೆಹೋದಳು. ಒಳಗೆ ನಡೆದದ್ದನ್ನು ಆಮೇಲೆ ಎಮಿಲ್ ಒಂದಷ್ಟು, ಡೆಸ್ಪಿನಾ ಒಂದಷ್ಟು ನನಗೆ ಹೇಳಿದರು.

ಪರೀಕ್ಷಕರ ಮುಂದೆ ಕಳಿಸುವ ಮುಂಚೆ ಡೆಸ್ಪಿನಾ ಕೊನೆಯ ಸಲ ಎಲ್ಲವನ್ನೂ ನೋಡಿಕೊಂಡಳು. ರಕ್ತದೊತ್ತಡ ಅಳೆದಳು. ಮಂಜುಗಡ್ಡೆಯ ಕಡ್ಡಿಯನ್ನು ಆ ಹಲ್ಲಿಗೆ ಮುಟ್ಟಿಸಿದಳು.

"ತಣ್ಣಗಾಯ್ತಾ?"

"ಆಯ್ತು."

ಕಡ್ಡಿ ತೆಗೆದಳು. "ಈಗ?"

ಎಮಿಲ್ ಚಾವಣಿ ನೋಡುತ್ತ ಹೇಳಿದ: "ತಣ್ಣನೆಯದನ್ನು ತೆಗೆದ ಕೂಡಲೇ ನೋವು ನಿಂತುಹೋಗುತ್ತದೆ."

ಡೆಸ್ಪಿನಾ ಕಡ್ಡಿಯನ್ನು ತಟ್ಟೆಯಲ್ಲಿಟ್ಟಳು. ನೆಲಮಾಳಿಗೆಯಲ್ಲಿ ಅಷ್ಟು ಸಲ ತಪ್ಪಿದ ಉತ್ತರ ಈಗ ಎದುರಿಗೇ ಕೂತಿತ್ತು. "ಹುಡಾಕ್ ಅವ್ರೇ, ಇದು ಕಾರ್ಡಲ್ಲಿರೋ ಮಾತು. ನೋವಿರೋರು ಹೀಗೆ ಮಾತಾಡಲ್ಲ."

ಅವಳು ಮತ್ತೆ ಮಂಜು ಮುಟ್ಟಿಸಿ ತೆಗೆದಳು. ಈ ಸಲ ಏನೂ ಕೇಳದೆ ಅವನ ಕೈ ನೋಡುತ್ತ ಕೂತಳು. ಕುರ್ಚಿಯ ತೋಳನ್ನು ಹಿಡಿದಿದ್ದ ಬೆರಳುಗಳು ಬೆಳ್ಳಗಾಗಿದ್ದವು, ಸಡಿಲವಾಗಲೇ ಇಲ್ಲ.

"ಇನ್ನೂ ಇದೆಯಾ?"

"ಪರವಾಗಿಲ್ಲ."

"ಪರವಾಗಿಲ್ವಾ ಅಂತ ನಾನು ಕೇಳ್ಲಿಲ್ಲ. ನೋವಿದೆಯಾ ಅಂತ ಕೇಳ್ದೆ."

ಎಮಿಲ್ ಕಣ್ಣು ಮುಚ್ಚಿದ. "ಇದೆ."

ಆಮೇಲೆ ಎಲ್ಲವೂ ಹೊರಬಂತು. ಅವಳು ಬ್ರಶ್ ಮಾಡುವುದನ್ನು ಕಲಿಸಿದ ಮೇಲೆ ಅವನ ವಸಡು ಗಟ್ಟಿಯಾಯಿತು, ರಕ್ತ ಬರುವುದು ನಿಂತಿತು. ಅದನ್ನು ಕಂಡು ಅವನಿಗೆ ದಿಗಿಲಾಯಿತು. ಹೀಗೇ ಎಲ್ಲ ವಾಸಿಯಾಗುತ್ತ ಹೋದರೆ ಹುಳುಕೂ ವಾಸಿಯಾಗಿಬಿಟ್ಟರೆ? ಪರೀಕ್ಷೆಯ ದಿನ ಅವಳು ಏನನ್ನು ಕೊರೆಯುತ್ತಾಳೆ? ಕುಲುಮೆಯ ಆಳಿಗೆ ಒಂದು ವಿದ್ಯೆ ಗೊತ್ತಿರುತ್ತದೆ. ಕೆಲಸವಿಲ್ಲದ ದಿನಗಳಲ್ಲೂ ಕುಲುಮೆಯನ್ನು ಆರಲು ಬಿಡಬಾರದು, ಕಲ್ಲಿದ್ದಲು ಮುಚ್ಚಿ ಕೆಂಡವನ್ನು ಕಾಯ್ದಿಡಬೇಕು, ಒಮ್ಮೆ ಆರಿತೆಂದರೆ ಒಳಗೋಡೆ ಬಿರಿಯುತ್ತದೆ. ಅವನು ಹಲ್ಲಿಗೂ ಅದನ್ನೇ ಮಾಡಿದ. ಆ ಒಂದು ಮೂಲೆಗೆ ಮಾತ್ರ ಬ್ರಶ್ ತಾಗಿಸಲಿಲ್ಲ. ಪೆಪ್ಪರ್‌ಮಿಂಟನ್ನು ಅಲ್ಲೇ ಒತ್ತರಿಸಿಕೊಂಡು ದಿನವಿಡೀ ಚೀಪಿದ. ಚಳಿಗಾಲದ ಎಕ್ಸ್‌ರೇಯಲ್ಲಿ ಹೊಸ್ತಿಲಲ್ಲಿದ್ದ ಹುಳುಕು ಅಷ್ಟರಲ್ಲಿ ನಡುಮನೆಗೆ ಬಂದಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವ ಹಾಗೆ ಮಾಡಿಕೊಂಡಿದ್ದ, ಅದೂ ಪ್ರೀತಿಯಿಂದ.

ಡೆಸ್ಪಿನಾ ನಗಲು ಹೋಗಿ ಅತ್ತಳು. "ಹುಳುಕು ತಾನಾಗೇ ಎಲ್ಲಿಗೂ ಹೋಗಲ್ಲ ಹುಡಾಕ್ ಅವ್ರೇ. ಇಷ್ಟೆಲ್ಲ ಕಾವಲು ಕಾಯ್ಬೇಕಾಗಿರ್ಲಿಲ್ಲ."

"ಈಗೇನಾಯ್ತು ಡಾಕ್ಟ್ರಮ್ಮ? ನನ್ನ ಕಳಿಸು ಒಳಗೆ. ಅವ್ರಿಗೆ ಹಳೇ ಎಕ್ಸ್‌ರೇ ಕಾಣುತ್ತೆ, ನೋವು ಕಾಣಲ್ಲ. ತುಂಬಿಸ್ಬಿಡು, ಪಾಸಾಗು. ಮುಂದಿನ ವಾರ ತೆಗ್ದು ಬೇಕಾದ್ದು ಮಾಡು."

"ನಂಗೆ ಕಾಣ್ತಲ್ಲ. ಸಾಯೋ ನರದ ಮೇಲೆ ಬೆಳ್ಳಿ ತುಂಬಿದ್ರೆ ನಾಳೆ ನೀವು ಗೋಡೆಗೆ ತಲೆ ಚಚ್ಕೊಳ್ತೀರಿ."

"ಹಲ್ಲು ಕಚ್ಕೊಂಡು ಇರ್ತೀನಿ. ಕುಲುಮೆ ಮುಂದೆ ನಿಂತೋನು ನಾನು. ನನ್ ಹಲ್ಲು, ನನ್ ನೋವು. ಇದೊಂದು ಕೆಲ್ಸನಾದ್ರೂ ಮುಗ್ಸೋಕೆ ಬಿಡಮ್ಮ."

ಡೆಸ್ಪಿನಾ ಎದ್ದು, ಅವನ ಕೊರಳಿಗೆ ಕಟ್ಟಿದ್ದ ಬಟ್ಟೆಯ ಕ್ಲಿಪ್ಪು ಬಿಚ್ಚಿದಳಂತೆ, ಅಷ್ಟೆ.

ಹೊರಗೆ ಬಂದು ತನ್ನ ಪರೀಕ್ಷೆಯ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟಳು. "ನಾನು ಇವತ್ತು ಕೂರಲ್ಲ ಒಲ್ಗಾ."

ಕಾರಣ ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. "ನಿಂಗೆ ತಲೆ ಕೆಟ್ಟಿದೆಯಾ? ನಾಲ್ಕು ವರ್ಷ ಓದಿದ್ದೀಯ! ಅವ್ನೇ ಪರವಾಗಿಲ್ಲ ಅಂತಿದ್ದಾನೆ, ನಿಂಗೇನು ಧಾಡಿ?" ಅವಳು ಚೀಟಿಯನ್ನು ನನ್ನ ಕಡೆಗೆ ಸರಿಸಿದಳು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಇಬ್ಬರು ಹಟಮಾರಿಗಳು ಸೇರಿ ಒಂದು ಒಳ್ಳೆಯ ಹುಳುಕನ್ನು ಹಾಳುಮಾಡಿದರು ಎಂದು ಗಟ್ಟಿಯಾಗಿಯೇ ಹೇಳಿದೆ. ಪೌಲಿನ್ ಎಚ್ಚರಾದದ್ದು ಆಗ.

ತುರ್ತು ಚಿಕಿತ್ಸೆಯ ಕೋಣೆಯೊಂದು ತೆರೆದಿತ್ತು. ಅಲ್ಲಿನ ಮೇಷ್ಟರ ಅಪ್ಪಣೆ ಪಡೆದು ಡೆಸ್ಪಿನಾ ಅವನನ್ನು ಮತ್ತೆ ಮಲಗಿಸಿದಳು. ಪೌಲಿನ್ ಅವನ ಕಾಲ ಬಳಿ ನಿಂತಳು, ನಾನು ಬಾಗಿಲಲ್ಲಿ. ಕೆಳದವಡೆಯ ನರ ಮೂಳೆಯೊಳಗೆ ಇಳಿಯುವ ಜಾಗಕ್ಕೆ ಸೂಜಿ ಕೊಟ್ಟು, "ಅರ್ಧ ತುಟಿ ಜೋಮು ಹಿಡೀತಾ?" ಎಂದು ಕೇಳಿದಳು.

"ಇನ್ನೂ ಇಲ್ಲ" ಎಂದ. ಕಾದಳು. ಮತ್ತೆ ಕೇಳಿದಳು. "ಸ್ವಲ್ಪ." ಮತ್ತೂ ಕಾದಳು. ಹೊರಗೆ ಅವಳ ಗೆಳೆಯರೆಲ್ಲ ಪರೀಕ್ಷೆಯ ಗಡಿಯಾರದ ಹಿಂದೆ ಓಡುತ್ತಿದ್ದರು. ಇವಳು ಒಬ್ಬ ಮುದುಕನ ತುಟಿ ಜೋಮು ಹಿಡಿಯುವುದನ್ನು ಕಾಯುತ್ತ ಕೂತಿದ್ದಳು. "ಈಗ ಪೂರ್ತಿ ಹಿಡೀತು" ಎಂದು ಅವನು ಹೇಳಿದ ಮೇಲೆಯೇ ಹಲ್ಲನ್ನು ತೆರೆದಳು. ಒಳಗಿದ್ದ ನರ ತೆಗೆದಳು. ಎಮಿಲ್‌ನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯಿತು. ಔಷಧಿಯ ಘಾಟು ಎಂದ. ಘಾಟೇ ಇರಬೇಕು ಎಂದು ನಾವೂ ಒಪ್ಪಿದೆವು.

"ನೋವಿತ್ತು ಅಂತ ನಂಗ್ಯಾಕೆ ಹೇಳ್ಲಿಲ್ಲ?" ಎಂದು ಪೌಲಿನ್ ಕೇಳಿದಳು.

ಜೋಮು ಹಿಡಿದ ತುಟಿಯಲ್ಲಿ ಅವನು ತೊದಲಿದ. "ನೀನು ಮಲ್ಗಿದ್ದೆ."

ನನ್ನಕ್ಕ ಅವನ ಬೂಟಿನ ಮೇಲೆ ಕೈಯಿಟ್ಟು ನಿಂತಳು. ಆಸ್ಪತ್ರೆಯಲ್ಲಿ ರಾತ್ರಿಯಿಡೀ ಕಂಡವರಿಗೆಲ್ಲ ನೋವು ಹೇಗಿದೆ ಎಂದು ಕೇಳಿಕೊಂಡು ತಿರುಗುವವಳು ಅವಳು.

ಪರೀಕ್ಷೆ ಮತ್ತೆ ನಡೆಯುವುದು ಆಗಸ್ಟಿನಲ್ಲಿ, ಬೇರೆ ಊರಿನಲ್ಲಿ. ಡೆಸ್ಪಿನಾಳಿಗೆ ಹೊಸ ಬಾಯಿ ಬೇಕು. ಎಮಿಲ್ ಕೆಲವು ದಿನ ಮನೆಯಿಂದ ಹೊರಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಟಾರ್ಚು ಹಿಡಿದು ಹೊರಟ. ನಿರುದ್ಯೋಗ ಭತ್ಯೆಯ ಸಾಲಿನಲ್ಲಿ, ಕ್ಲಬ್ಬಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಹಳೆಯ ಜೊತೆಗಾರರನ್ನು ನಿಲ್ಲಿಸಿ "ಬಾಯಿ ಬಿಡು" ಎನ್ನುತ್ತಿದ್ದ. ಕುಲುಮೆ ಹೋಗಿ ಇವನಿಗೆ ಹಲ್ಲಿನ ಹುಚ್ಚು ಹಿಡಿಯಿತು ಎಂದು ಜನ ಆಡಿಕೊಂಡರು. ಆಡಿಕೊಂಡೇ ಬಾಯಿಯನ್ನೂ ಬಿಟ್ಟರು. ಪಾಪ, ಆ ವಯಸ್ಸಿನವರ ಬಾಯಲ್ಲಿ ಒಂದೋ ಹಲ್ಲೇ ಇಲ್ಲ, ಇದ್ದರೆ ಬೇರು ಮಾತ್ರ ಉಳಿದಿದೆ.

ಕಡೆಗೆ ನನ್ನ ಅಡಿಗೆಮನೆಗೆ ಬಂದ. "ಒಲ್ಗಾ, ಆ ಅನ್ನು."

"ಟಾರ್ಚು ನಿನ್ ಮೂಗಿಗೆ ತುರುಕ್ತೀನಿ ನೋಡು."

"ಒಂದ್ಸಲ ಅನ್ನು. ಆ ಹುಡುಗಿಗೋಸ್ಕರ."

ಅಂದೆ. ಮೇಲಿನ ಎಡಗಡೆ, ಎರಡು ಹಲ್ಲಿನ ನಡುವೆ ನೆರಳಿನಂಥದ್ದು ಇದೆ ಎಂದ. ಎಕ್ಸ್‌ರೇ ತೆಗೆದಾಗ ಅದು ಹುಳುಕೇ, ಅಳತೆಗೆ ಸರಿಯಾದದ್ದೇ ಎಂದು ಗೊತ್ತಾಯಿತು. ಡೆಸ್ಪಿನಾ ನನಗೆ ಹೇಳಿದ ಮೊದಲ ಮಾತು: "ಚೆನ್ನಾಗಿ ಬ್ರಶ್ ಮಾಡಿ ಒಲ್ಗಾ. ಎಲ್ಲಾ ಕಡೆ. ದಯವಿಟ್ಟು."

ಆಗಸ್ಟಿನ ಆ ದಿನ ಎಮಿಲ್ ನಮ್ಮನ್ನು ಕಾರಿನಲ್ಲಿ ಕರೆದೊಯ್ದ. ಪರದೆಯ ಹಿಂದೆ ಮೂವರು ಅಪರಿಚಿತರು ಒಬ್ಬರಾದ ಮೇಲೊಬ್ಬರು ನನ್ನ ಬಾಯಿಗೆ ಕನ್ನಡಿ ಇಟ್ಟು, ತಲೆಯಾಡಿಸಿ ಒಪ್ಪಿಗೆ ಕೊಟ್ಟರು. ನನ್ನ ಎದೆಯ ಮೇಲೆ ಯಾರೂ ಮೊಣಕಾಲೂರಲಿಲ್ಲ. ಡೆಸ್ಪಿನಾ ಹುಳುಕು ಕೊರೆದು ಬೆಳ್ಳಿ ತುಂಬಿಸಿ ಮುಗಿಸುವವರೆಗೂ ನಾನು ಕುರ್ಚಿಯ ತೋಳು ಬಿಡಲಿಲ್ಲ. ಕೆಲವು ವಾರದ ಮೇಲೆ ಫಲಿತಾಂಶ ಬಂತು. ಪಾಸಾಗಿದ್ದಳು.

ಅವಳು ತನ್ನೂರಿಗೆ ಹೊರಟ ದಿನ ಬಸ್ ನಿಲ್ದಾಣಕ್ಕೆ ನಾನೂ ಎಮಿಲ್ಲೂ ಹೋದೆವು. ಅವನನ್ನು ಅಪ್ಪಿಕೊಂಡು, ಅಲ್ಲೇ ನಿಂತು ಬಾಯಿ ತೆರೆಸಿ, ರೂಟ್ ಕೆನಾಲ್ ಮಾಡಿ ಟೊಪ್ಪಿಗೆ ಹಾಕಿದ ಹಲ್ಲನ್ನು ಬೆರಳಿನಿಂದ ತಟ್ಟಿ ನೋಡಿದಳು. "ನಮ್ಮೂರಲ್ಲೂ ಹಲ್ಲಿರ್ತವೆ, ಬನ್ನಿ" ಎಂದಳು. ಬಸ್ಸು ಹೋದ ಮೇಲೂ ಅವನು ಸ್ವಲ್ಪ ಹೊತ್ತು ಕೈ ಎತ್ತಿಕೊಂಡೇ ನಿಂತಿದ್ದ.

ವಾಪಸು ಬರುವಾಗ ನದಿಯ ಪಕ್ಕದ ರಸ್ತೆ ಹಿಡಿದ. ಕಾರ್ಖಾನೆಯ ಗೋಡೆ ಉದ್ದಕ್ಕೂ ಜೊತೆಗೆ ಬರುತ್ತದೆ. ಗೇಟಿನ ಹತ್ತಿರ ಕಾರು ನಿಧಾನ ಮಾಡಿ, ನಿಲ್ಲಿಸಿಯೇಬಿಟ್ಟ.

"ಕೊನೇ ದಿನ ಇಲ್ಲೊಬ್ಬ ನಿಂತಿದ್ದ ಒಲ್ಗಾ. ಹೆಲ್ಮೆಟ್ ವಾಪಸ್ ತಗೊಂಡ, ಸಹಿ ಹಾಕಿಸ್ಕೊಂಡ, ಮುಂದಿನೋನನ್ನ ಕರ್ದ. ಅಷ್ಟೇ. ಡಾಕ್ಟ್ರಮ್ಮನೂ ನನ್ನ ವಾಪಸ್ ಕಳಿಸಿದ್ಲು. ಆದ್ರೆ ನೋವಿದೆಯಾ ಅಂತ ಕೇಳಿ ಕಳಿಸಿದ್ಲು. ನಾನು ಸುಳ್ಳು ಹೇಳ್ದೆ. ಇನ್ನೊಂದ್ಸಲ ಕೇಳಿದ್ಲು."

ಇಷ್ಟು ದಿನವೂ ಅವನನ್ನು ಕಿಟಕಿಯಿಂದ ಎಬ್ಬಿಸಿದೆವು, ಗೇಲಿ ಮಾಡಿದೆವು, ತಿನ್ನಿಸಿದೆವು. ಯಾರೂ ಕೇಳಿರಲಿಲ್ಲ.

"ನೋವಿದೆಯಾ ಭಾವ?"

ಅವನು ಗೇಟಿನ ಕಡೆಯಿಂದ ಕಣ್ಣು ತೆಗೆಯದೆ ತಲೆಯಾಡಿಸಿದ.

"ಇದೆ ಒಲ್ಗಾ. ಬೆಳಿಗ್ಗೆ ಎದ್ದಾಗ ಜಾಸ್ತಿ ಇರುತ್ತೆ."